ಟೀ ಬಗ್ಗಿಸುವವರು

ಇಂಗ್ಲೆಂಡಿನಲ್ಲಿ ಬೆಳೆದವಳಂತೆ ಆ ಹೆಂಗಸು. ದೊಡ್ಡ ಹೋಟೆಲಿನ ವರಾಂಡದಲ್ಲಿ ಮೇಜು ಹಾಕಿಸಿ ಸಂಜೆಯ ಟೀಗೆ ಕರೆದಾಗಲೇ ಜಯಶೀಲಮ್ಮನಿಗೆ ಅನುಮಾನ ಬಂದಿತ್ತು. ಮೂರಂತಸ್ತಿನ ತಟ್ಟೆಯ ತುಂಬ ಕೇಕು, ಬೆರಳುದ್ದದ ಸ್ಯಾಂಡ್‌ವಿಚ್ಚು. ಗುರುತು ಪರಿಚಯ ಇಲ್ಲದವರಿಗೆ ಇಷ್ಟೊಂದು ಉಪಚಾರ ಯಾತಕ್ಕೆ?

"ನಿಮಗೆ ನನ್ನಿಂದ ಏನಾಗ್ಬೇಕು? ಸಹಿಗಿಹಿ ನಾನು ಹಾಕಲ್ಲ."

"ಸಹಿ ಬೇಡ. ತಾವು ಎಂಬತ್ತಾರರಲ್ಲಿ ಮಿಷನ್ ಆಸ್ಪತ್ರೆಯಲ್ಲಿ ಇದ್ದಿರಲ್ಲವೆ?" ಪುಸ್ತಕ ಓದಿ ಕಲಿತ ಕನ್ನಡ.

ಜಯಶೀಲಮ್ಮ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಮದುವೆಗೆ ಮುಂಚೆ ಅಲ್ಲಿ ಹೆತ್ತು, ಅಲ್ಲೇ ಬಿಟ್ಟುಬಂದ ಹೆಣ್ಣುಮಗುವಿನ ಸುದ್ದಿ ತೀರಿಹೋದ ಗಂಡನಿಗೂ ಗೊತ್ತಿರಲಿಲ್ಲ. ಇವಳು ಬೆದರಿಸಲು ಬಂದವಳೇ ಸರಿ.

"ಯಾರ್ರೀ ನಿಮಗೆ ಹೇಳಿದ್ದು? ಇದನ್ನ ಹಿಡ್ಕೊಂಡು ನನ್ನ ಆಟ ಆಡಿಸ್ಬೇಕು ಅಂತಾನಾ?" ಚೀಲ ಎತ್ತಿಕೊಂಡು ಎದ್ದೇಬಿಟ್ಟರು.

ಆಕೆ ತಡೆಯಲಿಲ್ಲ. ಪಿಂಗಾಣಿಯ ಟೀಪಾಟನ್ನು ಮೆಲ್ಲಗೆ ಇವರ ಕಡೆ ಸರಿಸಿದಳು.

"ನಮ್ಮ ಕಡೆ ಟೀಗೆ ಕುಳಿತಾಗ, ಎಲ್ಲರಿಗೂ ಬಗ್ಗಿಸಿಕೊಡುವವರನ್ನು ಅಮ್ಮ ಎನ್ನುತ್ತಾರೆ. ಇಂದು ತಾವು ಬಗ್ಗಿಸುತ್ತೀರಾ?"

ಜಯಶೀಲಮ್ಮ ನಿಂತಲ್ಲೇ ಆ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಚೀಲ ಕೆಳಗಿಟ್ಟು ಕುಳಿತು, ಟೀಪಾಟು ಎತ್ತಿದರು.

"ನಿಂಗೆ ಸಕ್ಕರೆ ಎಷ್ಟು ಹಾಕ್ಲಿ?"