ಕೆಂಪು ಪಿಳ್ಳೆ

ನಾಲ್ಕನೆಯ ಕೆಂಪು ಕೋಳಿಪಿಳ್ಳೆಯನ್ನೂ ಹದ್ದು ಎತ್ತಿಕೊಂಡು ಹೋಯಿತು. ಚಿಕ್ಕಹನುಮಕ್ಕ ಪೊರಕೆ ಹಿಡಿದು ಬೇಲಿಯವರೆಗೂ ಓಡಿದಳು, ಬಾಯಿಗೆ ಬಂದಂತೆ ಬೈದಳು. ಹದ್ದು ತನ್ನ ಪಾಡಿಗೆ ತಾನು ಮಿಡಿಗೇಶಿ ಬೆಟ್ಟದ ಕಡೆ ಹೋಯಿತು. ಅವಳು ವಾಪಸು ಬಂದು ಅಂಗಳವನ್ನೆಲ್ಲ ಬಗ್ಗಿ ಬಗ್ಗಿ ಹುಡುಕಿದಳು. ಒಂದು ಪುಕ್ಕವೂ ಬಿದ್ದಿರಲಿಲ್ಲ.

ಪುಕ್ಕ ಯಾಕೆ ಬೇಕಿತ್ತೆಂದರೆ, ತಾಯಿಕೋಳಿ ಅವಳದಲ್ಲ. ಎರಡು ಮನೆ ಆಚೆಯ ಅಂಗನವಾಡಿ ಟೀಚರ್ ವನಜಾಕ್ಷಿ ಅದನ್ನು ಪಾಲಿಗೆ ಸಾಕಲು ಕೊಟ್ಟಿದ್ದಳು. ಸಾಕುವ ಪಾಡು ಚಿಕ್ಕಹನುಮಕ್ಕನದು, ಹುಟ್ಟಿದ ಪಿಳ್ಳೆಗಳಲ್ಲಿ ಇಬ್ಬರಿಗೂ ಅರ್ಧರ್ಧ. ನಡುವೆ ಬೆಕ್ಕೋ ಮುಂಗುಸಿಯೋ ಹಿಡಿದರೆ ಸಾಕಿದವರು ಪುಕ್ಕ ತೋರಿಸಬೇಕು. ಈ ಕೇರಿಯಲ್ಲಿ ಅದೇ ಕಟ್ಟಳೆ. ಮೂವತ್ತು ವರ್ಷದಿಂದ ಊರವರ ಕುರಿ, ಕೋಳಿ ಸಾಕಿಕೊಟ್ಟವಳು ಚಿಕ್ಕಹನುಮಕ್ಕ. ಅವಳ ಕೈಗೆ ಕೊಟ್ಟರೆ ತವರಿಗೆ ಕಳಿಸಿದ ಹಾಗೆ ಎಂದು ಜನ ಹೇಳುತ್ತಿದ್ದರು. ಆ ಮಾತು ಬಿಟ್ಟರೆ ಅವಳಿಗೆ ಬೇರೆ ಆಸ್ತಿ ಇರಲಿಲ್ಲ.

ಈ ಸಲ ಹನ್ನೆರಡು ಪಿಳ್ಳೆ ಆಗಿದ್ದವು. ಒಂದನ್ನು ಮುಂಗುಸಿ ಹಿಡಿಯಿತು. ಪುಕ್ಕ ಸಿಕ್ಕಿತು, ತೋರಿಸಿದಳು. ಇನ್ನೊಂದನ್ನು ಹದ್ದು ಇಡಿಯಾಗಿ ಎತ್ತಿಕೊಂಡು ಹೋಯಿತು. ಅದೇನು ಬೇಟೆಯಾಡಿ ರಸೀದಿ ಕೊಟ್ಟು ಹೋಗುವ ಪ್ರಾಣಿಯೇ? ವನಜಾಕ್ಷಿ "ಹೌದಾ ಅಕ್ಕ" ಎಂದಳು, ಅಷ್ಟೆ. ಮಾರನೆಯ ಬೆಳಿಗ್ಗೆ ಬಣ್ಣದ ಡಬ್ಬಿ ಹಿಡಿದುಕೊಂಡು ಬಂದಳು.

"ಉಳಿದಿರೋದು ಹತ್ತು. ಈಗಲೇ ಪಾಲು ಮಾಡ್ಕೊಂಬುಡಾನ ಅಕ್ಕ. ನನ್ನ ಐದಕ್ಕೆ ಕೆಂಪು ಬಳೀತೀನಿ. ಇನ್ಮೇಲೆ ಹದ್ದು ಯಾರದನ್ನ ಎತ್ಕೊಂಡೋಯ್ತದೋ ಅವರದು ಹೋಯ್ತು. ನಿಂಗೂ ಪುಕ್ಕ ಹುಡುಕೋ ಕಷ್ಟ ಇಲ್ಲ."

ಕೇಳಲು ನ್ಯಾಯವಾಗಿಯೇ ಇತ್ತು. ಆದರೆ ಮಣ್ಣಿನ ನೆಲದಲ್ಲಿ ಮಣ್ಣಿನ ಬಣ್ಣದ ಪಿಳ್ಳೆ ಯಾರ ಕಣ್ಣಿಗೂ ಬೀಳುವುದಿಲ್ಲ, ಕೆಂಪನೆಯದು ಬೆಟ್ಟದ ತುದಿಗೂ ಕಾಣುತ್ತದೆ. ಎಂಟು ದಿನದಲ್ಲಿ ಮೂರು ಹೋದವು, ಮೂರೂ ಕೆಂಪಿನವೇ. ಚಿಕ್ಕಹನುಮಕ್ಕನ ಐದೂ ತಿಪ್ಪೆ ಕೆದರಿಕೊಂಡು ಗುಂಡುಗುಂಡಗೆ ಬೆಳೆದವು. ತನ್ನವೇ ಉಳಿದದ್ದನ್ನು ನೋಡಿದವರು ಏನೆಂದಾರು ಎಂದು ಅವಳಿಗೆ ದಿಗಿಲು. ತಡೆಯಲಾರದೆ ವನಜಾಕ್ಷಿಯ ಮನೆಗೇ ಹೋದಳು.

"ಆ ಬಣ್ಣ ತೊಳೆದುಬುಡಾನ ಕಣಮ್ಮ. ಅದೇ ಹದ್ದಿನ ಕಣ್ಣಿಗೆ ಬೀಳ್ತಾ ಇರೋದು."

"ತೊಳೆದುಬುಟ್ರೆ ಯಾವುದು ಯಾರದು ಅಂತ ಹೆಂಗೆ ಗೊತ್ತಾಗ್ತದೆ ಅಕ್ಕ?" ವನಜಾಕ್ಷಿ ನಗುತ್ತಲೇ ಕೇಳಿದಳು. ಆ ನಗು ಚಿಕ್ಕಹನುಮಕ್ಕನ ಹಿಂದೆಯೇ ಅವಳ ಮನೆಯವರೆಗೂ ಬಂತು.

ಎರಡು ದಿನ ತಾಯಿಕೋಳಿಯನ್ನೂ ಪಿಳ್ಳೆಗಳನ್ನೂ ಮಂಕರಿಯಡಿ ಮುಚ್ಚಿ, ಮೇಲೊಂದು ಕಲ್ಲು ಹೇರಿದಳು. ಕೋಳಿ ಒಳಗೇ ಹಾರಾಡಿ ಒಂದು ಪಿಳ್ಳೆಯ ಕಾಲು ತುಳಿದು ಕುಂಟು ಮಾಡಿತು. ಅದೂ ಕೆಂಪಿನದೇ. ಇವತ್ತು ಬೆಳಿಗ್ಗೆ ವಿಧಿಯಿಲ್ಲದೆ ಮಂಕರಿ ಎತ್ತಿದ್ದಳು, ಅಷ್ಟರಲ್ಲಿ ನಾಲ್ಕನೆಯದೂ ಹೋಗಿತ್ತು. ಕೆಂಪಿನದೆಂದು ಉಳಿದದ್ದು ಆ ಕುಂಟು ಪಿಳ್ಳೆಯೊಂದೇ.

"ನಮ್ಮವೇ ಎರಡು ತಗೊಂಡೋಗಿ ಕೊಟ್ಬುಡು" ಎಂದ ಗಂಡ ಓಬಳಯ್ಯ, ಜಗಲಿಯ ಮೇಲೆ ಹಗ್ಗ ಹೊಸೆಯುತ್ತ. "ಸುಮ್ಕಾಗ್ತಾಳೆ."

"ಕೊಟ್ರೆ ಕದ್ದಿದ್ದೆ ಅಂತ ನಾನೇ ಒಪ್ಕೊಂಡಂಗೆ ಆಗಾಕಿಲ್ವಾ?"

"ಕೊಡದಿದ್ರೆ?"

"ಆ ಹದ್ದಿಗೆ ನಮ್ಮದೊಂದು ಎತ್ಕೊಂಡೋಗಾಕೆ ಏನು ದಾಡಿ" ಎಂದು ಗೊಣಗಿಕೊಂಡಳು. ಸ್ವಲ್ಪ ಹೊತ್ತಿಗೆ ಓಬಳಯ್ಯ ಹಗ್ಗ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋದ.

ಅವಳು ಅಂಗಳ ಬಿಟ್ಟು ಕದಲಲಿಲ್ಲ. ಒಲೆಯ ಮೇಲಿಟ್ಟ ಸಾರು ಸೀದ ವಾಸನೆ ಬಂದರೂ ಏಳಲಿಲ್ಲ. ಬಿಸಿಲು ನೆತ್ತಿ ದಾಟುವ ಹೊತ್ತಿಗೆ ನೆರಳೊಂದು ನೆಲದ ಮೇಲೆ ಸುತ್ತು ಹೊಡೆಯಿತು. ತಾಯಿಕೋಳಿ ಕೊರ್ರ್ ಎಂದಿತು. ಐದು ಪಿಳ್ಳೆಗಳು ಓಡಿಹೋಗಿ ಅದರ ರೆಕ್ಕೆಯಡಿ ಸೇರಿಕೊಂಡವು. ಕುಂಟು ಪಿಳ್ಳೆ ಮಾತ್ರ ನಡು ಅಂಗಳದಲ್ಲಿ ತೆವಳುತ್ತಿತ್ತು. ಚಿಕ್ಕಹನುಮಕ್ಕ ಎದ್ದುಬಿದ್ದು ಓಡಿಹೋಗಿ ಅದನ್ನೆತ್ತಿ ಮಡಿಲಿಗೆ ಹಾಕಿಕೊಂಡಳು, ಮೇಲೆ ಸೆರಗು ಮುಚ್ಚಿದಳು. ಅಷ್ಟಕ್ಕೆ ಸುಮ್ಮನಾಗಲಿಲ್ಲ. ಕಾಲಿನಿಂದ ತಾಯಿಕೋಳಿಯನ್ನು ಅತ್ತ ನೂಕಿದಳು. ಅವಳ ಪಾಲಿನ ಐದೂ ಬಯಲಿಗೆ ಬಿದ್ದು ಚೀರಾಡಿದವು.

"ತಗೊಂಡೋಗು" ಎಂದಳು ತಲೆಯೆತ್ತಿ. "ಯಾವುದು ಬೇಕೋ ತಗೊಂಡೋಗು. ಒಂದು ಪುಕ್ಕ ಉದುರಿಸಿ ಹೋಗು, ಸಾಕು."

ಹದ್ದು ಇನ್ನೊಂದು ಸುತ್ತು ಹೊಡೆಯಿತು. ಕೆಳಗೆ ಕೆಂಪು ಕಾಣಲಿಲ್ಲವೇನೋ, ಬೆಟ್ಟದ ಕಡೆಗೆ ಹೊರಟುಹೋಯಿತು.

ಅವಳು ಇನ್ನೂ ಮೇಲೆ ನೋಡುತ್ತಿರುವಾಗಲೇ ಬೇಲಿಯ ತಡಿಕೆ ಸರಿದ ಸದ್ದಾಯಿತು. ವನಜಾಕ್ಷಿ ಅಂಗನವಾಡಿ ಮುಗಿಸಿಕೊಂಡು ಹಾಗೆಯೇ ಬಂದಿದ್ದಳು. ಅಂಗಳದ ಪಿಳ್ಳೆಗಳನ್ನು ನಿಂತಲ್ಲೇ ಎಣಿಸಿದಳು. ಐದು. ಒಂದೂ ಕೆಂಪಲ್ಲ.

"ನಂದು, ಅಕ್ಕ?"

"ಹದ್ದು ಬಂದಿತ್ತು ಕಣಮ್ಮ, ಈಗ್ತಾನೆ..."

ಸೆರಗಿನೊಳಗಿಂದ ಕುಂಟು ಪಿಳ್ಳೆ ಚಿಂವ್ ಎಂದಿತು.

ವನಜಾಕ್ಷಿ ಅವಳ ಮಡಿಲನ್ನು ನೋಡಿದಳು. ಆಮೇಲೆ ಕಣ್ಣಿಗೆ ಕೈ ಅಡ್ಡ ಹಿಡಿದು ಆಕಾಶ ನೋಡಿದಳು. ಮಿಡಿಗೇಶಿ ಬೆಟ್ಟದವರೆಗೂ ಅಲ್ಲಿ ಒಂದು ಕಾಗೆಯೂ ಇರಲಿಲ್ಲ.