ಎಡಗಡೆಯ ಬಾಗಿಲು

ಏಳನೇ ನಂಬರಿನವನು ಮತ್ತೆ ಐದು ಸಾವಿರ ಏರಿಸಿದ.

ಹಿಂದವಾಡಿಯ ಮನೆಯಲ್ಲಿ, ಊಟದ ಮೇಜಿನ ಮೇಲಿದ್ದ ಲ್ಯಾಪ್‌ಟಾಪಿಗೆ ಕುಂದಾ ಇನ್ನಷ್ಟು ಬಾಗಿದಳು. ಆನ್‌ಲೈನ್ ಹರಾಜು ಮುಗಿಯಲು ಇನ್ನು ಇಪ್ಪತ್ತು ನಿಮಿಷ. ಪರದೆಯ ತುಂಬ ಕೆಂಪು ಕಾರು. ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂಥ ಮೈ. ಇಟಲಿಯ ಹಳೆಯ ರೇಸ್ ಕಾರಿನ ತದ್ರೂಪು. ಅವಳ ಗಂಡ ತ್ರ್ಯಂಬಕ ಒಂಬತ್ತು ವರ್ಷ ತಗಡು ಬಡಿದು ಬಡಿದು ಕಟ್ಟಿದ್ದು.

"ಇವ ಪುಣೇದವರನ್ನ ಮುಂದ ಹೋಗಗೊಡವಲ್ಲನಲ್ಲೋ," ಎಂದಳು.

ಅಕ್ಕನ ಮಗ ಆಶಿಶ್ ನಕ್ಕ. ಹರಾಜಿಗೆ ಹಾಕಿದ್ದು ಅವನೇ. "ಮಾವಶಿ, ರೇಟ್ ಏರಿದ್ರ ಖುಷಿ ಪಡೂದು ಬಿಟ್ಟು ಮಾರಿ ಸಣ್ಣದ ಮಾಡ್ಕೊಂಡು ಕುಂತೀಯಲ್ಲ!"

ರೇಟು ಯಾರಿಗೆ ಬೇಕಾಗಿತ್ತು? ಮೊದಲೇ ಫೋನ್ ಮಾಡಿ ವಿಚಾರಿಸಿದ್ದ ಪುಣೆಯವರ ಪಾಲಾಗಿ, ಕಾರು ಕಣ್ಣಿಗೆ ಕಾಣದಷ್ಟು ದೂರ ಹೋದರೆ ಅವಳಿಗೆ ಸಾಕಾಗಿತ್ತು.

ತ್ರ್ಯಂಬಕನಿಗೆ ಮರೆವಿನ ಕಾಯಿಲೆ ಹಿಡಿದು ಎರಡು ವರ್ಷ. ಗಾಡಿ ಮುಟ್ಟಗೊಡಬೇಡಿ ಎಂದಿದ್ದರು ನೆಹರು ನಗರದ ಡಾಕ್ಟರು. ಹೇಳುವುದಕ್ಕೇನು? ಕೀಲಿ ಬಚ್ಚಿಟ್ಟರೆ ವೈರು ಜೋಡಿಸಿ ಚಾಲೂ ಮಾಡುತ್ತಿದ್ದ. ಸ್ವಂತ ಮಗಳ ಹೆಸರು ಮರೆತವನ ಕೈಬೆರಳುಗಳು ಮಾತ್ರ ಏನನ್ನೂ ಮರೆತಿರಲಿಲ್ಲ. ಹೋದ ತಿಂಗಳು ದೇಸೂರಿನ ರೈಲ್ವೆ ಗೇಟಿನಲ್ಲಿ, ಸರಿಯಾಗಿ ಹಳಿಯ ಮೇಲೆ, ಕಾರು ನಿಲ್ಲಿಸಿ ಕುಳಿತುಬಿಟ್ಟಿದ್ದ. ಎಲ್ಲಿಗೆ ಹೊರಟಿದ್ದೆನೆಂಬುದೇ ನೆನಪಾಗಿರಲಿಲ್ಲ. ಗೇಟಿನ ಬಂಡೆಪ್ಪ ನಾಲ್ಕು ಮಂದಿಯನ್ನು ಕೂಗಿ ಕರೆದು ಕಾರು ನೂಕಿಸಿದ.

"ಇನ್ನ ಎರಡು ಮಿನಿಟ್ ಆಗಿದ್ರ ನಿಮಗ ಫೋನ್ ನಾ ಮಾಡ್ತಿದ್ದಿಲ್ಲರಿ ಅಕ್ಕಾರ, ಪೊಲೀಸರು ಮಾಡ್ತಿದ್ರು," ಎಂದಿದ್ದ ಬಂಡೆಪ್ಪ.

ಮರುದಿನವೇ ಆಶಿಶ್ ಕಾರನ್ನು ಖಾನಾಪುರಕ್ಕೆ ಸಾಗಿಸಿ, ಪರಿಚಯದವರ ಹಂಚಿನ ಕಾರ್ಖಾನೆಯ ಷೆಡ್ಡಿನಲ್ಲಿ ಮುಚ್ಚಿಟ್ಟ. ತ್ರ್ಯಂಬಕ ಹಿತ್ತಲಿನವರೆಗೂ ಹುಡುಕಿದ. "ನನ್ನ ಕಾರ್ ಎಲ್ಲೈತಿ?"

ಕುಂದಾ ಎದೆ ಕಲ್ಲು ಮಾಡಿಕೊಂಡಳು. "ಯಾವ ಕಾರ್ರಿ? ನಮ್ಮ ಕಡೆ ಕಾರ್ ಎಲ್ಲಿತ್ತು?"

ಎಂಟು ದಿನ ಕೇಳಿದ. ಎಂಟೂ ದಿನ ಅದೇ ಉತ್ತರ ಕೊಟ್ಟಳು. ಒಂಬತ್ತನೆಯ ದಿನ ಕೇಳಲಿಲ್ಲ. ಹೊತ್ತು ಹೋಗಲೆಂದು ಅವನ ಹಳೆಯ ಮೊಬೈಲನ್ನೇ ಕಪಾಟಿನಿಂದ ತೆಗೆದು ಕೊಟ್ಟಳು. ಆಮೇಲೆ ಮನೆ ತಣ್ಣಗಾಯಿತು. ಕ್ರಿಕೆಟ್ಟೋ ಹಾಡೋ, ಏನೋ ಒಂದು ಹಚ್ಚಿಕೊಂಡು ವರಾಂಡದಲ್ಲಿ ಕುಳಿತಿರುತ್ತಿದ್ದ.

ಎಲ್ಲ ಸುಸೂತ್ರವಾಗಿತ್ತು. ಅಷ್ಟರಲ್ಲಿ, ಅರ್ಧ ಗಂಟೆಯ ಹಿಂದೆ, ಈ ಏಳನೇ ನಂಬರಿನವನು ಹರಾಜಿನ ಪುಟದಲ್ಲಿ ಒಂದು ಪ್ರಶ್ನೆ ಬರೆದ, ಅದೂ ಕನ್ನಡದಲ್ಲಿ: "ಎಡಗಡೆ ಬಾಗಿಲ ಎತ್ತಿ ಹಾಕಿದ್ರನ ಮುಚ್ಚತೈತೇನು?"

ಕುಂದಾ ಅದನ್ನು ಎರಡೆರಡು ಸಲ ಓದಿದ್ದಳು. ಬಾಗಿಲು ಎರಡು ಬೆರಳಷ್ಟು ಜೋತುಬಿದ್ದದ್ದು ಯಾವ ಫೋಟೊದಲ್ಲೂ ಕಾಣುತ್ತಿರಲಿಲ್ಲ. ಅದನ್ನು ಕೂಡಿಸುವಾಗ ತ್ರ್ಯಂಬಕನ ಜೊತೆಗಿದ್ದವನು ದೇಸೂರಿನ ವೆಲ್ಡರ್ ಗಜಾನನ ಒಬ್ಬನೇ. ಆಮೇಲೆ ಬಣ್ಣದ ಮೇಲೆ ಜಗಳ ಬಿತ್ತು. ಗಜಾನನನಿಗೆ ಹಳದಿ ಬೇಕಾಗಿತ್ತು. ಅವನು ಊರಲ್ಲಿಲ್ಲದ ಹೊತ್ತು ನೋಡಿ ತ್ರ್ಯಂಬಕ ಕೆಂಪು ಬಳಿದ. ಅಲ್ಲಿಂದ ನಾಲ್ಕು ವರ್ಷ ಇಬ್ಬರಿಗೂ ಮಾತಿಲ್ಲ.

"ಹಳೇ ಗಿರಾಕಿ ಅದಾನ," ಎಂದ ಆಶಿಶ್, ಪರದೆ ನೋಡುತ್ತ. "ಆರು ವರ್ಷದ ಹಿಂದ ಇದ ಸೈಟಿನ್ಯಾಗ ಹೆಡ್‌ಲೈಟ್, ಸ್ಟೇರಿಂಗ್ ತೊಗೊಂಡಾನ. ಅದಕ್ಕ ಮುಂಗಡ ಕೇಳಿಲ್ಲ ಅವಂಗ. ಹೆಸರು ಮಾತ್ರ ಹರಾಜು ಮುಗದ ಮ್ಯಾಲೇ ತೋರಸ್ತಾರ."

ಹೆಸರು ಬೇರೆ ಬೇಕೆ? ಕಾರು ದೇಸೂರಿಗೆ ಹೋದರೆ ತ್ರ್ಯಂಬಕನ ಕಣ್ಣಿಗೆ ಬಿದ್ದೇ ಬೀಳುತ್ತದೆ; ಮತ್ತೆ ಅದೇ ಗೇಟು, ಅದೇ ಹಳಿ. ಕುಂದಾ ಫೋನು ಎತ್ತಿಕೊಂಡಳು.

"ಭಾವೋಜಿ, ನಿಮ್ಮ ಕಾಲಿಗೆ ಬೀಳ್ತೇನಿ. ಆ ಕಾರಿನ ಆಶಾ ಬಿಡ್ರಿ."

"ನಾನೇನ್ ಮಾಡೇನಿ, ವೈನಿ?" ಎಂದ ಗಜಾನನ.

"ನಾಟಕ ಸಾಕು. ಎಡಬಾಗಿಲದ ಮಾತು ನಿಮಗಲ್ಲದ ಮತ್ತ ಯಾರಿಗೆ ಗೊತ್ತೈತಿ?"

"ಆ ಬಾಗಿಲ ಕೂಡಿಸಿದವರು ಇಬ್ಬರು, ವೈನಿ. ಅದರಾಗ ಒಬ್ಬಾವ ನಾ; ಹಳದಿ ಇಲ್ಲದ್ದಕ್ಕ ಕಾರ್ ಅಂತ ಅನ್ನೂದ ಇಲ್ಲ. ಖರೇ ಹೇಳ್ತೇನಿ, ಪುಕ್ಕಟ ಕೊಟ್ರೂ ಒಲ್ಲೆ."

ನಾಲ್ಕು ವರ್ಷವಾದರೂ ಇಳಿಯದ ಸಿಟ್ಟು ಎಂದುಕೊಂಡು ಅವಳು ಫೋನಿಟ್ಟಳು. ಗಂಡಸರ ಹಟಕ್ಕೆ ಮದ್ದಿಲ್ಲ.

"ನಿಲ್ಲಸಾಕ ಬರೂದಿಲ್ಲೇನೋ, ಆಶಿಶ್?"

"ಹೆಂಗ ಬರತೈತಿ ಮಾವಶಿ? ಬೋಲಿ ಬಿದ್ದ ಮ್ಯಾಲೆ ಮುಗೀತು. ನಾವು ಮಾರೂ ಮಂದಿ, ಕುಂತು ನೋಡೂದಷ್ಟ."

ಪುಣೆಯವರು ಹತ್ತು ಸಾವಿರ ಏರಿಸಿದರು. ಕುಂದಾ ದೇವರ ಕೋಣೆಯ ಕಡೆಗೆ ಕೈ ಮುಗಿದಳು. ಏಳನೆಯವನು ಹದಿನೈದು ಏರಿಸಿದ.

"ಹೊಡಿ! ಬಿಡಬ್ಯಾಡ ಇವತ್ತ!" ವರಾಂಡದಿಂದ ತ್ರ್ಯಂಬಕನ ದನಿ.

"ಕಾಕಾನ ಮ್ಯಾಚ್ ಜೋರೈತಿ," ಎಂದ ಆಶಿಶ್.

ಕೊನೆಯ ನಿಮಿಷ. ಪುಣೆಯವರು ಸುಮ್ಮನಾದರು. ಅವರ ನಂಬರಿನ ಮೇಲೆ ಕಣ್ಣು ನೆಟ್ಟು, ಏರಿಸಪ್ಪಾ, ಇನ್ನೊಂದು ಸಲ ಏರಿಸು ಎಂದು ಕುಂದಾ ಒಳಗೊಳಗೇ ಅಂಗಲಾಚಿದಳು. ಹತ್ತು ಸೆಕೆಂಡು. ಐದು. ಗಡಿಯಾರ ಸೊನ್ನೆಗೆ ಬಂತು.

"ಗಜಾನನನೇ ಗೆದ್ದ," ಎಂದಳು, ಕುರ್ಚಿಗೆ ಕುಸಿಯುತ್ತ.

ಆಶಿಶ್ ಗೆದ್ದವನ ಹೆಸರು ಒತ್ತಿದ. ಅವನ ಮುಖದ ನಗು ಅಲ್ಲೇ ನಿಂತಿತು. ಪರದೆಯನ್ನು ಅವಳ ಕಡೆ ತಿರುಗಿಸತೊಡಗಿದ.

ಅಷ್ಟರಲ್ಲಿ ತ್ರ್ಯಂಬಕ ಒಳಗೆ ಬಂದ. ಎರಡು ವರ್ಷದಿಂದ ಕಾಣದಿದ್ದ ಕಳೆ ಮುಖದ ಮೇಲಿತ್ತು. ಹಳೆಯ ಮೊಬೈಲನ್ನು, ಶಾಲೆಯ ಬಹುಮಾನ ತೋರಿಸುವ ಹುಡುಗನಂತೆ, ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದ.

"ದಿನಾ ಅಂತಿದ್ದೀಯಲ್ಲ ಕುಂದಾ, ನಮ್ಮ ಕಡೆ ಕಾರ್ ಇಲ್ಲಂತ. ತೊಗೊಂಡೆ ನೋಡು. ನೀ ಕೂಡ್ರೂ ಬಾಜೂದ ಬಾಗಿಲ ಒಂಚೂರು ಎತ್ತಿ ಹಾಕಬೇಕು, ಅಷ್ಟ."