ಯಾರೂ ಬೆನ್ನಟ್ಟದ ಸವಾರ

ಉಡಿಗಾಲ ದಾಟುತ್ತಿದ್ದಂತೆ ನಿಂಗರಾಜು ಮತ್ತೊಮ್ಮೆ ಹಿಂದೆ ತಿರುಗಿ ನೋಡಿದ. ರಸ್ತೆ ಖಾಲಿ. ಇಡೀ ಗುಂಪು ಎಲ್ಲೋ ದೂರದಲ್ಲಿ, ಹಬ್ಬದೂಟ ಮುಗಿಸಿ ಹೊರಟವರ ಹಾಗೆ ನಿಧಾನವಾಗಿ ಬರುತ್ತಿತ್ತು. ಸೈಕಲ್ ರೇಸಿನ ನಾಲ್ಕನೇ ದಿನ, ಬೆಳಿಗ್ಗೆ ಮೈಸೂರಿನಿಂದ ಹೊರಟ ಓಟ. ಮುಂದೆ ನುಗ್ಗಿದವನನ್ನು ಸುಮ್ಮನೆ ಬಿಡುವ ಜಾಯಮಾನದವರಲ್ಲ ಇವರು.

ಏನೋ ಮಸಲತ್ತು ನಡೆದಿತ್ತು.

ಅನುಮಾನ ಹುಟ್ಟಿದ್ದು ಚಾಮರಾಜನಗರದಲ್ಲಿ. ತಂಡದ ಮ್ಯಾನೇಜರ್ ರವಿಕುಮಾರ ಕಾರಿನ ಕಿಟಕಿಯಿಂದ ಒಬ್ಬೊಬ್ಬ ಸವಾರನನ್ನೇ ಕರೆದು ಏನೋ ಹೇಳುತ್ತಿದ್ದ. ತನ್ನವರಿಗಷ್ಟೇ ಅಲ್ಲ, ಎದುರಾಳಿಗಳಿಗೂ. ನಿಂಗರಾಜು ಹತ್ತಿರ ಬಂದಾಗ ಕಿಟಕಿಯ ಗಾಜು ಮೇಲೇರಿತು. ಆಮೇಲೆ ತಂಡದ ನಾಯಕ ಸುಧಾಕರ್ ಪಕ್ಕಕ್ಕೆ ಬಂದ.

“ಇವತ್ತು ನಂಗೆ ನಿನ್ನ ಸಹಾಯ ಬೇಡ ನಿಂಗರಾಜು. ನೀನು ಮುಂದೆ ಹೋಗು.”

ಬೇಡವಂತೆ. ಇಷ್ಟು ವರ್ಷ ಅವನಿಗೆ ಎದುರುಗಾಳಿ ತಾಗದಂತೆ ಮುಂದೆ ನಿಂತು ತುಳಿದವನು ಯಾರು? ಅವನ ಚಕ್ರ ಪಂಕ್ಚರಾದರೆ ತನ್ನದನ್ನು ಬಿಚ್ಚಿಕೊಟ್ಟವನು, ಅವನ ನೀರಿನ ಬಾಟಲಿ ಬೆನ್ನಿಗೆ ತುರುಕಿಕೊಂಡು ಓಡಾಡಿದವನು ಯಾರು? ತಂಡದಲ್ಲಿ ನಿಂಗರಾಜುವಿನ ಕೆಲಸವೇ ಅದು. ಗೆಲ್ಲಿಸಬೇಕು, ತಾನು ಗೆಲ್ಲಬಾರದು. ಪೇಪರಿನ ಫೋಟೊಗಳಲ್ಲಿ ಅವನ ಮೊಣಕೈಯಷ್ಟೇ ಬರುತ್ತಿತ್ತು.

ಬೇರೆ ತಂಡದ ಶಾರುಖ್, ಗುಂಡ್ಲುಪೇಟೆಯವನು, ಬೆನ್ನ ಮೇಲೆ ಕೈಯಿಟ್ಟು ಹೇಳಿದ್ದ: “ಓಗಣ್ಣ. ಯಾರೂ ಬರಾಕಿಲ್ಲ ನಿನ್ ಹಿಂದೆ.”

ಬೆನ್ನಿಗೆ ಚೂರಿ ಹಾಕುವವರೂ ಮೊದಲು ಕೈಯನ್ನೇ ಇಡುತ್ತಾರೆ. ಬಡಪಾಯಿಯೊಬ್ಬನನ್ನು ಮುಂದೆ ಬಿಟ್ಟು, ದಣಿಸಿ, ಕೊನೆಗೆ ಹಿಂದಿನಿಂದ ಬಂದು ನುಂಗುವ ಆಟ ನಿಂಗರಾಜುವಿಗೆ ಹೊಸದಲ್ಲ.

ಆದರೆ ಇವತ್ತು ಓಟ ಮುಗಿಯುವುದು ಅವನ ಊರು ಹಂಗಳ ದಾಟಿ, ಕಾಡಿನ ಅಂಚಿನಲ್ಲಿ. ನಿನ್ನೆಯಷ್ಟೇ ಅವ್ವ ದೊಡ್ಡಮಾದಮ್ಮ ಫೋನಿನಲ್ಲಿ ಛೇಡಿಸಿದ್ದಳು. “ಯಾವಾಗ್ ನೋಡುದ್ರೂ ಆ ಸುಧಾಕರನ ಚಾಕ್ರಿ ಮಾಡ್ಕಂಡೇ ಇರ್ತೀಯ. ಒಂದ್ಸಲನಾದ್ರೂ ನಮ್ಮೂರ್ ಜನದ್ ಮುಂದೆ ಮೊದ್ಲು ಬಾ ಕಣ್ಲಾ. ನಾನೂ ಒಸಿ ಜಂಬ ಪಡ್ಬೇಕು.”

ಅದೊಂದು ಮಾತಿಗಾಗಿ ಇವತ್ತು ಕಾಲು ಮುರಿದರೂ ಸರಿ ಎಂದು ಅವನು ತುಳಿಯುತ್ತಿದ್ದ.

ತೆರಕಣಾಂಬಿಯಲ್ಲಿ ಕಿವಿಯ ರೇಡಿಯೊ ಗೊರಗುಟ್ಟಿತು. ರವಿಕುಮಾರನ ದನಿ.

“ನಿಂಗರಾಜು, ಹಂಗಳದಲ್ಲಿ ನಿಮ್ಮ ಮನೆ ಹತ್ರ ಇಳಿದುಬಿಡು. ಹಿಂದೆ ನಾವೆಲ್ಲ ಬರ್ತೀವಿ.”

“ಯಾಕೆ ಸಾರ್?”

“ಸೈಕಲ್ ಮೇಲೆ ಹೇಳೋ ಮಾತಲ್ಲ. ಇಳಿ, ಹೇಳ್ತೀನಿ.”

ಸವಾರನ ಹುಟ್ಟೂರು ಬಂದಾಗ ಗುಂಪು ಅವನನ್ನು ಮುಂದೆ ಬಿಡುವುದುಂಟು. ಅವನು ಇಳಿದು ಮನೆಯವರನ್ನು ಮಾತಾಡಿಸಿ, ಗುಂಪು ಬಂದಾಗ ಸೇರಿಕೊಳ್ಳಬೇಕು. ಸೈಕಲ್ಲಿನವರ ಹಳೆಯ ಮರ್ಯಾದೆ ಅದು. ಈಗ ಆ ಮರ್ಯಾದೆಯ ಹೆಸರಲ್ಲೇ ತನ್ನನ್ನು ಇಳಿಸಿ, ಸುಧಾಕರನನ್ನು ದಾಟಿಸುವ ಹುನ್ನಾರ. ನಿಂಗರಾಜುವಿಗೆ ಮೈಯೆಲ್ಲ ಉರಿದುಹೋಯಿತು. ರೇಡಿಯೊವನ್ನು ಕಿವಿಯಿಂದ ಕಿತ್ತು ಬಿಸಾಕಿದ. ಗುಂಡ್ಲುಪೇಟೆ ಬಂದದ್ದೂ ಹೋದದ್ದೂ ಅವನಿಗೆ ತಿಳಿಯಲಿಲ್ಲ.

ಹಂಗಳದಲ್ಲಿ ರಸ್ತೆಯ ಎರಡೂ ಬದಿ ಜನ. ಮುಂದಿದ್ದ ಪೈಲಟ್ ಬೈಕಿನವನು ವೇಗ ತಗ್ಗಿಸಿ ಕೈ ಆಡಿಸಿದ. ನಿಂಗರಾಜು ಅವನನ್ನೂ ದಾಟಿದ. ಚಿಕ್ಕಪ್ಪ ಚಿಕ್ಕಮಲ್ಲಪ್ಪ ಎರಡೂ ಕೈ ಚಾಚಿ ರಸ್ತೆಗೇ ಇಳಿದಿದ್ದ.

“ನಿಂತ್ಕಳ್ಳಾ ನಿಂಗ, ನಿಂತ್ಕ.”

ಚಿಕ್ಕಪ್ಪನನ್ನೂ ಬುಟ್ಟಿಗೆ ಹಾಕಿಕೊಂಡಿದ್ದಾರೆ. ನಿಂಗರಾಜು ಹ್ಯಾಂಡಲ್ ಓರೆ ಮಾಡಿ ನುಸುಳಿಕೊಂಡ. ಮನೆ ಮುಂದೆ ಹೊಗೆ ಏಳುತ್ತಿತ್ತು. ಅವ್ವ ಊರವರಿಗೆಲ್ಲ ಅಡುಗೆಗೆ ಇಟ್ಟಿರಬೇಕು. ಜನ ಅಡ್ಡ ನಿಂತಿದ್ದರಿಂದ ಅವಳು ಕಾಣಲಿಲ್ಲ. ಕಾಣದಿದ್ದರೇನು, ಮಗ ಮೊದಲು ಬಂದದ್ದನ್ನು ಅವಳು ಕಂಡಿರುತ್ತಾಳೆ. ಊರವರು ಒಬ್ಬರೂ ಚಪ್ಪಾಳೆ ತಟ್ಟಲಿಲ್ಲವಲ್ಲ ಎಂದು ಮಾತ್ರ ಅವನಿಗೆ ಬಹಳ ನೋವಾಯಿತು.

ಕಾಡಿನ ಅಂಚಿನಲ್ಲಿ ಓಟ ಮುಗಿಯುವ ಗೆರೆ ದಾಟುವಾಗ ಎರಡೂ ಕೈ ಎತ್ತಿದ. ಅಭ್ಯಾಸವಿಲ್ಲದ ಕೆಲಸ, ಸೈಕಲ್ ಓಲಾಡಿತು. ಕಣ್ಣಲ್ಲಿ ನೀರು ಬಂತು.

ಸುಧಾಕರನ ಮುಖ ನೋಡಲೇಬೇಕೆಂದು ಅಲ್ಲೇ ಕಾದ. ನೀರು ಕುಡಿದ. ಬೆವರು ಒಣಗಿತು. ಒಬ್ಬನೂ ಬರಲಿಲ್ಲ. ಕೊನೆಗೆ ಗೆರೆಯ ಬಳಿ ಕೂತಿದ್ದ ತೀರ್ಪುಗಾರ್ತಿ ತಹಸೀನ್ ಹತ್ತಿರ ಹೋದ.

“ಎಲ್ಲಿ ಮೇಡಂ, ಯಾರೂ ಕಾಣ್ತಿಲ್ಲ? ಬಿದ್ದುಗಿದ್ದು ಹೋದ್ರಾ?”

“ಇಲ್ಲ. ಎಲ್ಲರೂ ನಿಮ್ಮ ಮನೆ ಮುಂದೆ ಇಳಿದಿದ್ದಾರೆ.”

ನಿಂಗರಾಜು ನಕ್ಕ. “ಯಾಕೆ, ಅವ್ವ ಊಟಕ್ಕೆ ಕರುದ್ಲಾ?”

ತಹಸೀನ್ ಕುರ್ಚಿಯಿಂದ ಎದ್ದು ನಿಂತಳು.

“ಬೆಳಿಗ್ಗೆ ತೀರಿಕೊಂಡ ನಿಮ್ಮ ತಾಯಿಗೆ ಕೈಮುಗಿಯೋಕೆ,” ಎಂದಳು, “ನೀವು ಅವರನ್ನ ನೋಡ್ಕೊಂಡೇ ಬಂದ್ರಿ ಅಂದ್ಕೊಂಡಿದ್ವಿ.”